ಕಾಲಪಲ್ಲಟ

ಯಾರ್ಕ್ ಊರಿನ ಹಳೆಯ ದಫ್ತರಖಾನೆ. ಒಳಗೆ ಪೆನ್ಸಿಲ್ ಮಾತ್ರ.
ಪೆನ್ನು, ನೀರಿನ ಬಾಟಲಿ, ಚೀಲದ ತಳದ ಮುರಿದ ಚಕ್ಕುಲಿ
ಎಲ್ಲ ಹೊರಗೆ, ಕಬ್ಬಿಣದ ಕಪಾಟಿನಲ್ಲಿ.
ಬೂದು ಮೆತ್ತೆಯ ಮೇಲೆ ನನ್ನೆದುರು ಮಲಗಿದ್ದಾಳೆ ಎಮ್ಮಟ್,
ತೊಗಲು ಹದಮಾಡುವವನ ಮಗಳು,
ಆರುನೂರು ಚಿಲ್ಲರೆ ವರ್ಷದಿಂದ
ಒಂದೇ ಕುರಿಯ ತೊಗಲಿನಲ್ಲಿ.

ಸಂಗತಿ ಇಷ್ಟೇ:
ಸೇಬಿನ ತೋಟದ ಹಿಂದೆ, ಮಬ್ಬುಗತ್ತಲಲ್ಲಿ,
ಬಣ್ಣಗಾರರ ಆಳು ವಿಲ್ಕಿನ್‌ಗೆ ಇವಳು ಏನೋ ಅಂದಳು.
ಏನಂದಳು ಎಂಬುದೇ ಮೊಕದ್ದಮೆ.
ಅಪ್ಪ ಆಗಲೇ ಉಣ್ಣೆ ಸಾಹುಕಾರನ ಜೊತೆ ಮಾತು ಮುಗಿಸಿದ್ದ:
ಎಂಟು ಬೆಳ್ಳಿ ಚಮಚ, ಹೊಳೆಯಾಚೆ ಒಂದು ಹುಲ್ಲುಗಾವಲು,
ಒಂದು ಮಂಚ, ಅದರ ಪರದೆ ಸಮೇತ.
ಹುಡುಗಿಯ ಹೆಸರು ಪರದೆಯ ನಂತರ ಬರುತ್ತದೆ.

ಧರ್ಮಾಧಿಕಾರಿ ಕೇಳುತ್ತಾನೆ, ಮೂಗು ಒರೆಸಿಕೊಳ್ಳುತ್ತ ಇದ್ದಿರಬೇಕು, ಫೆಬ್ರವರಿ:
'ವರಿಸುತ್ತಿದ್ದೇನೆ' ಅಂದಳೋ, 'ವರಿಸುವೆ' ಅಂದಳೋ?
ವರ್ತಮಾನವಾದರೆ ಮದುವೆ ಆಗಿಹೋಯಿತು,
ಪಾದ್ರಿ ಬೇಡ, ಗಂಟೆ ಬೇಡ.
ಭವಿಷ್ಯತ್ತಾದರೆ ಬರೀ ಮಾತು,
ಹುಲ್ಲುಗಾವಲು ಸಾಹುಕಾರನದು.
ಲ್ಯಾಟಿನ್ನಿನಲ್ಲಿ ಅದಕ್ಕೂ ಇದಕ್ಕೂ
ಕೊನೆಯ ಒಂದೆರಡು ಅಕ್ಷರದ ಅಂತರ.
ಎಮ್ಮಟ್‌ಗೆ ಲ್ಯಾಟಿನ್ ಬರುತ್ತಿರಲಿಲ್ಲ.

ಸಾಕ್ಷಿ, ಅಡುಗೆಮನೆಯ ಸಿಬ್ಬಟ್, ಹೇಳುತ್ತಾಳೆ:
ನಾನು ಬೇಲಿಯ ಇತ್ತ ಇದ್ದೆ, ಕಂಕುಳಲ್ಲಿ ಬಾತುಕೋಳಿ.
ಅದು ರೆಕ್ಕೆ ಬಡಿಯಿತು.
ಮಾತಿನ ಬಾಲ ಕೇಳಿಸಲಿಲ್ಲ.

ಅದೇ ಕಾಲದ ಕಾವ್ಯಗಳು ಮೇಲಿನ ಮಹಡಿಯಲ್ಲಿ, ಗಾಜಿನೊಳಗೆ:
ಚಿನ್ನದ ರೇಕು ಮೆತ್ತಿದ ಗೋಪುರ, ಕಿಟಕಿಯಲ್ಲಿ ಯಾರದೋ ಹೆಂಡತಿ,
ಕೆಳಗೆ ಕುದುರೆಯ ಮೇಲೆ ಒಬ್ಬ ಬಿಳಿಚಿಕೊಂಡು
ನಾಲ್ಕು ಸಾವಿರ ಸಾಲಿನಿಂದ ಸಾಯುತ್ತಲೇ ಇದ್ದಾನೆ.
ಅಲ್ಲಿ ಒಲವೆಂದರೆ ಕಾಯಿಲೆ, ಮದುವೆಯೆಂದರೆ ಬೀಗ.
ಬೇಲಿಯಾಚೆ ಬಾತುಕೋಳಿ ಹಿಡಿದು ನಿಂತವಳಿಲ್ಲ.
ನಮ್ಮ ಹಳಗನ್ನಡದವರೂ ಅಷ್ಟೆ ತಾನೆ?
ಚಿತ್ರಪಟ ನೋಡಿ ಅರಸುಕುವರಿ ಬಾಡಿದಳು,
ಗಂಧ ಸುಟ್ಟಿತು, ತಂಗಾಳಿ ಕುದಿಯಿತು.
ಗದ್ದೆ ಎಷ್ಟು ಕೊಳಗ ಎಂಬುದನ್ನು
ಶಾಸನ ಕೊರೆಯುವವನಿಗೆ ಬಿಟ್ಟರು.

ನನ್ನ ತೊಡಕು ಬೇರೆ.
ರಾತ್ರಿ ಫೋನಿನಲ್ಲಿ ಅಕ್ಕನಿಗೆ ಇದನ್ನು ಹೇಗೆ ಹೇಳಲಿ?
'ಆಗ್ತೀನಿ' ಅನ್ನುತ್ತೇವೆ. ಈಗಲೋ, ನಾಳೆಯೋ?
ನಮ್ಮ ಬಾಯಲ್ಲಿ ಇವತ್ತಿಗೂ ನಾಳೆಗೂ ನಡುವೆ
ಯಾರೂ ಗೋಡೆ ಎಬ್ಬಿಸಿಲ್ಲ.
ಹೊರಟವರು 'ಹೋಗ್ತೀನಿ' ಅನ್ನಬಾರದು, 'ಬರ್ತೀನಿ' ಅನ್ನಬೇಕು.
ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ,
ಕಬ್ಬಿನಹಾಲಿನ ಗಾಣದ ಗೆಜ್ಜೆಯ ಸದ್ದಿನಲ್ಲಿ,
ಪಂಪಾಪತಿಗೆ ನಾನು ಹಾಗೇ ಅಂದೆ.
ಅವನು ಅದನ್ನು ಯಾವ ಕಾಲವೆಂದು ತಿಳಿದನೋ.

ಮರುವಾರ ಅಂತರಪಟ ಸರಿಯಿತು.
ಆಚೆ ಮಹಾಬಲೇಶ: ಹೆದರಿದ ಕಣ್ಣು, ಎಣ್ಣೆ ಸುರಿಯುವ ಕ್ರಾಪು.
ಅವನೆಸೆದ ಜೀರಿಗೆ ಬೆಲ್ಲ ನನ್ನ ನೆತ್ತಿ ತಪ್ಪಿ
ಪುರೋಹಿತರ ಹೆಗಲಿಗೆ ಬಿತ್ತು.
ನನ್ನನ್ನು ಯಾವ ಧರ್ಮಾಧಿಕಾರಿಯೂ ಕರೆಸಲಿಲ್ಲ.
ಹೂಂ ಅಂದಿದ್ದೆನೆ?
'ಒಪ್ಪಿದ್ದೇವೆ' ಅಂದಿದ್ದರು ಅಪ್ಪ, ಬಹುವಚನದಲ್ಲಿ.
ಆ ಬಹುವಚನದೊಳಗೆ ಎಲ್ಲೋ ಒಂದು ಮೂಲೆಯಲ್ಲಿ
ನಾನೂ ಇದ್ದಿರಬೇಕು.

ತೀರ್ಪಿನ ಜಾಗದಲ್ಲಿ ಮಸಿ ಕಂದಿದೆ. ದೀಪ ಹತ್ತಿರ ಹಿಡಿದರೂ
ಓದಲು ಸಿಗುವುದು ಖರ್ಚಿನ ಸಾಲು ಮಾತ್ರ:
ಸಾಕ್ಷಿಗೆ ಎರಡು ಪೆನ್ನಿ, ಗುಮಾಸ್ತನಿಗೆ ಆರು.

ನಾಲ್ಕು ಗಂಟೆಗೇ ಕತ್ತಲು.
ಗೇಟಿನ ಬಳಿ ಮಹಾಬಲೇಶ ಕಾಯುತ್ತಿರುತ್ತಾನೆ,
ನನ್ನ ಕಾಲಿಗೆ ಬೆಚ್ಚಗಿರಲೆಂದು ಎಂಜಿನ್ ಆರಿಸದೆ.
ಇಪ್ಪತ್ತೆರಡು ವರ್ಷ. ಒಂದು ದಿನವೂ ಏನನ್ನೂ ಕೇಳಿಲ್ಲ.
ಇದಕ್ಕೆ ಆ ಮೇಲಿನ ಮಹಡಿಯಲ್ಲಿ ಹೆಸರಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೋ ಏನೋ.

ಫೋನು ಮೆತ್ತಗೆ ನಡುಗುತ್ತದೆ.
ಎಮ್ಮಟ್‌ಳನ್ನು ಹಳೆಯ ಮಡಿಕೆಯ ಗುರುತಿನಲ್ಲೇ ಮಡಿಚಬೇಕು,
ದಾರ ಕಟ್ಟಬೇಕು, ರಿಜಿಸ್ಟರಿಗೆ ಸಹಿ ಹಾಕಬೇಕು.
ಬೆರಳ ತುದಿಗೆ ಕುರಿಯ ವಾಸನೆ.
'ಬಂದೆ' ಅನ್ನುತ್ತೇನೆ ಅವನಿಗೆ,
ಇನ್ನೂ ಕುರ್ಚಿಯಲ್ಲೇ ಕೂತು.